ಸತ್ಯವೇದದ ಓದು ಮತ್ತು ನಮ್ಮ ಕನ್ನಡ

ವಾಚನಾಲಯವೆಂದರೆ ದಿನಪತ್ರಿಕೆ, ವಾರಪತ್ರಿಕೆ, ಕಾದಂಬರಿ ಇಷ್ಟೇ ಎಂದು ತಿಳಿದವರು ಬಹಳ ಮಂದಿ. ಆದರೆ ಪಾಳಿ ಮುಗಿಸಿ ಬಂದ ಕೆಲಸಗಾರ, ಕಚೇರಿಯ ಲೆಕ್ಕ ಮುಗಿಸಿ ಬಂದ ಗುಮಾಸ್ತ ಮಲಗುವ ಮುನ್ನ ಕೈಗೆತ್ತಿಕೊಳ್ಳುವ ಪುಸ್ತಕ ಬೇರೆಯೇ ಇರುತ್ತದೆ. ಒಬ್ಬರಿಗೆ ಅದು ಗೀತೆ, ಒಬ್ಬರಿಗೆ ವಚನ, ಒಬ್ಬರಿಗೆ ದಾಸರ ಪದ. ಕ್ರೈಸ್ತ ಬಂಧುಗಳಿಗೆ ಸತ್ಯವೇದ. ನಾವು ಆ ಮತದಲ್ಲಿಯೇ ಹುಟ್ಟಿ ಬೆಳೆದವರು. ಆದರೂ ಇಲ್ಲಿ ಮತಪ್ರಚಾರದ ಉದ್ದೇಶವಿಲ್ಲ. ಕನ್ನಡದ ಒಂದು ಪುಸ್ತಕವಾಗಿ ಅದು ನಮ್ಮೆಲ್ಲರಿಗೂ ಹೇಗೆ ಸೇರಿದ್ದೆಂಬುದನ್ನೂ, ಅದನ್ನು ಓದುವ ಬಗೆಯನ್ನೂ ತಿಳಿಸುವುದಷ್ಟೇ ಉದ್ದೇಶ.

ಕನ್ನಡದ ಸತ್ಯವೇದ ಮೊದಲು ಸಿದ್ಧವಾದದ್ದು ಮಂಗಳೂರಿನಲ್ಲಲ್ಲ, ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಕನ್ನಡ ಕಲಿತು, ಇಪ್ಪತ್ತು ವರ್ಷಗಳ ಕಾಲ ದುಡಿದು ಇದನ್ನು ಭಾಷಾಂತರಿಸಿದರು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕಲ್ಲಚ್ಚಿನ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಹಳೆಯ ಭಾಷಾಂತರವನ್ನು ತಿದ್ದುವ ಕೆಲಸ ಅವರ ಪಾಲಿಗೂ ಬಂದಿತು. ಭಾಷಾಂತರಕಾರರ ಜಾಣತನ ನೋಡಿ: ಮೊದಲಿನ ಐದು ಪುಸ್ತಕಗಳಿಗೆ ಅವರು ‘ಕಾಂಡ’ ಎಂದೇ ಹೆಸರಿಟ್ಟರು. ಆದಿಕಾಂಡ, ವಿಮೋಚನಕಾಂಡ, ಅಷ್ಟೇಕೆ, ಅರಣ್ಯಕಾಂಡವೂ ಉಂಟು. ರಾಮಾಯಣ ಕೇಳಿ ಬೆಳೆದ ಕಿವಿಗೆ ಆ ಹೆಸರು ಪರಕೀಯವೆನಿಸಲಾರದು.

ಕೊಟ್ಟುತೆಗೆದುಕೊಂಡ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರೇ 1850ರ ಸುಮಾರಿಗೆ ದಾಸರ ಪದಗಳನ್ನು ಸಂಗ್ರಹಿಸಿ ಅದೇ ಮಿಶನ್ನಿನ ಮುದ್ರಣಾಲಯದಿಂದ ಅಚ್ಚು ಹಾಕಿಸಿದರು. ಪುರಂದರದಾಸರ ಹಾಡು ತಾಳೆಗರಿ ಬಿಟ್ಟು ಕಾಗದಕ್ಕೆ ಬರಲು ಪಾದ್ರಿಯೊಬ್ಬರು ನೆರವಾದರು. ಅವರ ತರುವಾಯ ಬಂದ ಕಿಟ್ಟೆಲ್ ಅವರು ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿ, 1862ರಲ್ಲಿ ‘ಕಥಾಮಾಲೆ’ಯೆಂದು ಪ್ರಕಟಿಸಿದರು. 1894ರ ಅವರ ನಿಘಂಟನ್ನು ಬಲ್ಲವರು ಬಹಳ, ‘ಕಥಾಮಾಲೆ’ಯನ್ನು ಬಲ್ಲವರು ಕಡಮೆ. ಇದು ನಮಗೆ ಸ್ವಲ್ಪ ಬೇಸರದ ವಿಷಯ.

ಕ್ರೈಸ್ತರೆಂದರೆ ಎಲ್ಲರದೂ ಒಂದೇ ಭಾಷೆ ಎಂದು ತಿಳಿಯಬಾರದು. ಪ್ರಾಟೆಸ್ಟಂಟರು ‘ಸುವಾರ್ತೆ’ ಎನ್ನುವುದನ್ನು ಕಥೊಲಿಕರು ‘ಶುಭಸಂದೇಶ’ ಎನ್ನುವರು. ಇವರ ‘ಕರ್ತನು’ ಅವರಲ್ಲಿ ‘ಸರ್ವೇಶ್ವರ’. ಮುಂಬಯಿಗೆ ಬಂದಿರುವ ಮಂಗಳೂರಿನ ಕಥೊಲಿಕರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಆದರೆ ಅವರ ಹಿರಿಯರ ಪ್ರಾರ್ಥನೆಯ ಪುಸ್ತಕವೂ, 1938ರಲ್ಲಿ ಆರಂಭವಾದ ‘ರಾಕ್ಣೊ’ ವಾರಪತ್ರಿಕೆಯೂ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಮಾತು ಕೊಂಕಣಿಯಾದರೂ ಭಕ್ತಿಯನ್ನು ಹೊತ್ತು ತಂದ ಅಕ್ಷರ ನಮ್ಮದೇ.

ಇನ್ನು ಓದುವ ಬಗೆ. ಆದಿಕಾಂಡದಿಂದ ಹಿಡಿದು ಕ್ರಮವಾಗಿ ಓದುತ್ತೇನೆಂದು ಹಟ ತೊಟ್ಟವರು ಸಾಮಾನ್ಯವಾಗಿ ಯಾಜಕಕಾಂಡದ ಬಲಿಗಳ ವಿಧಿಯಲ್ಲಿ ಸಿಕ್ಕಿಕೊಂಡು ಪುಸ್ತಕ ಮುಚ್ಚುತ್ತಾರೆ. ನಮ್ಮ ಸಲಹೆ ಕೇಳಿದರೆ ಮೊದಲು ರೂತಳ ಕಥೆ ಓದಿ. ಇರುವುದು 4 ಅಧ್ಯಾಯ, ಕಾಂಜೂರ್‌ಮಾರ್ಗದಲ್ಲಿ ಗಾಡಿ ಹತ್ತಿದರೆ (ಕೂರಲು ಜಾಗ ಸಿಕ್ಕಿದರೆ!) ದಾದರ್ ಬರುವಷ್ಟರಲ್ಲಿ ಮುಗಿಯುವುದು. ಗಂಡನನ್ನು ಕಳೆದುಕೊಂಡ ಹೆಣ್ಣು, ಅತ್ತೆಯ ಜೊತೆ ಪರದೇಶಕ್ಕೆ ಬಂದು, ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಗಳನ್ನು ಆಯ್ದು ಹೊಟ್ಟೆ ಹೊರೆಯುವ ಕಥೆ ಅದು. ಪವಾಯಿಯ ಚಾಳಿನಲ್ಲಿ ಇರುವವರಿಗೆ ಅದರ ವಿವರಣೆ ಬೇಕಾಗಿಲ್ಲ. ಬಳಿಕ ಮಾರ್ಕನ ಸುವಾರ್ತೆ. ನಾಲ್ಕು ಸುವಾರ್ತೆಗಳಲ್ಲಿ ಅದು ಅತಿ ಚಿಕ್ಕದು, 16 ಅಧ್ಯಾಯ.

ಕೀರ್ತನೆಗಳು 150. ಇವನ್ನು ಒಂದೇ ಉಸಿರಿಗೆ ಓದುವುದಲ್ಲ, ದಿನಕ್ಕೊಂದರಂತೆ ಬಾಯ್ದೆರೆದು ಓದಬೇಕು. 23ನೆಯದನ್ನು ಕ್ರೈಸ್ತರ ಮಕ್ಕಳೆಲ್ಲ ಕಂಠಪಾಠ ಮಾಡಿರುತ್ತಾರೆ. ಊರು ಬಿಟ್ಟವರಿಗೆ ಹತ್ತಿರವಾದದ್ದು 137ನೆಯದು. ಸೆರೆಯಾಗಿ ಬಾಬೆಲಿಗೆ ಹೋದ ಜನ ನದಿಯ ದಡದಲ್ಲಿ ಕುಳಿತು ಊರನ್ನು ನೆನೆದು ಅಳುತ್ತಾರೆ. ಹಿಡಿದು ತಂದವರು ನಿಮ್ಮೂರ ಹಾಡು ಹಾಡಿರೆಂದರೆ ಗಂಟಲೇ ಬರುವುದಿಲ್ಲ. ಅದರ ಕೊನೆಯ ಮಾತು ಮಾತ್ರ ಬಲು ಕ್ರೂರ, ಶತ್ರುವಿನ ಮಕ್ಕಳಿಗೂ ಕೇಡು ಬಯಸುವಂಥದು. ಕೆಲವರು ಅದನ್ನು ಬಿಟ್ಟು ಓದುತ್ತಾರೆ. ನಾವು ಬಿಡುವುದಿಲ್ಲ. ಭಕ್ತನ ಮನಸ್ಸಿನಲ್ಲಿ ಹಗೆಯೂ ಇರುತ್ತದೆ. ದೇವರ ಮುಂದೆ ಅದನ್ನೂ ಬಚ್ಚಿಡದೆ ಆಡಿದ್ದಾನೆಂಬುದೇ ಆ ಕೀರ್ತನೆಯ ಸತ್ಯ ಎಂದು ನಮ್ಮ ಅಭಿಪ್ರಾಯ.

ಕ್ರೈಸ್ತರಲ್ಲದವರು ಇದನ್ನೇಕೆ ಓದಬೇಕೆಂದು ಕೇಳುವ ಮಿತ್ರರುಂಟು. ಸ್ವಾಮಿ ವಿವೇಕಾನಂದರು ಪರಿವ್ರಾಜಕರಾಗಿ ತಿರುಗುವಾಗ ಗೀತೆಯ ಜೊತೆಗೆ ಥಾಮಸ್ ಅ ಕೆಂಪಿಸನ ‘ಕ್ರಿಸ್ತಾನುಕರಣೆ’ಯನ್ನೂ ಒಯ್ಯುತ್ತಿದ್ದರು, ಅದರ ಕೆಲವು ಅಧ್ಯಾಯಗಳನ್ನು ಬಂಗಾಳಿಗೆ ತಂದರು. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಬರೆದರು. ಇಬ್ಬರೂ ತಮ್ಮ ಮತ ಬಿಡಲಿಲ್ಲ, ಓದನ್ನೂ ಬಿಡಲಿಲ್ಲ.

ನಮ್ಮನ್ನು ನಿಜವಾಗಿ ಕಾಡುವ ಚಿಂತೆ ಬೇರೆ. ಇಲ್ಲಿ ಹುಟ್ಟಿದ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಹಿಂದಿ, ಮರಾಠಿ ಬರುತ್ತದೆ. ಅಜ್ಜಿಯ ಸತ್ಯವೇದ ತೆರೆದರೆ ಅಕ್ಷರ ತಿಳಿಯದು. ಈಗ ಮೊಬೈಲಿನಲ್ಲಿ ಕನ್ನಡ ಸತ್ಯವೇದ ಕೇಳಲೂ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಕೇಳಿದ ಮಾತ್ರಕ್ಕೆ ಅಕ್ಷರ ಬರುವುದಿಲ್ಲ. ಭಾನುವಾರ ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ಒಂದು ಕೀರ್ತನೆ ಓದಿಸಿ. ಮನೆಯಲ್ಲಿ ಬಾಯಿಪಾಠವಾಗಿ ಕೇಳಿದ ಮಾತೇ ಆದುದರಿಂದ ಅಕ್ಷರ ಬೇಗ ಹಿಡಿಯುತ್ತದೆ. ಗೀತೆಯೋ ವಚನವೋ ಇರುವ ಮನೆಯವರೂ ಹೀಗೆಯೇ ಮಾಡಬಹುದು.

ಹಳೆಯ ಪ್ರತಿಗಳ ವಿಷಯ ಒಂದು ಮಾತು. ಜೀರ್ಣವಾಯಿತೆಂದು ರದ್ದಿಗೆ ಹಾಕಬೇಡಿ. ಮೊದಲ ಪುಟದಲ್ಲಿ ಮುದ್ರಣಾಲಯದ ಹೆಸರೂ ಇಸವಿಯೂ ಇರುತ್ತವೆ, ನೋಡಿ. ಬಾಸೆಲ್ ಮಿಶನ್ನಿನ ಹಳೆಯ ಮುದ್ರಣವಾದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹಾಲಯದವರಿಗೆ ಒಂದು ಕಾಗದ ಬರೆದು ವಿಚಾರಿಸಬಹುದು. ಹರಿದ ಪುಟಗಳಿಗೆ ಅಂಟುಪಟ್ಟಿ ಮಾತ್ರ ಹಚ್ಚಬೇಡಿ. ವರ್ಷಗಳು ಕಳೆದಂತೆ ಅದು ಹಳದಿಯಾಗಿ ಅಕ್ಷರವನ್ನೇ ಕಿತ್ತುಕೊಂಡು ಬರುತ್ತದೆ. ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಯ ತೇವ ತಗಲದಂತೆ ಇಡಿ.