ಆಟದ ಇಟ್ಟಿಗೆಗಳೂ ಪ್ರಾಯಸ್ಥರ ಶಿಲ್ಪವೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಾಣಲು ಬಂದಳು. ಆಕೆಯು ಈಗ ಇಬ್ಬರು ಮಕ್ಕಳ ತಾಯಿ. ಕುಶಲಪ್ರಶ್ನೆಗಳು ಮುಗಿದ ತರುವಾಯ ಸ್ವಲ್ಪ ಸಂಕೋಚದಿಂದಲೇ ತನ್ನ ಮೊಬೈಲಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದಳು. ಅದು ನಮ್ಮ ಶಾಲೆಯ ಹಳೆಯ ಕಟ್ಟಡ! ಕಮಾನಿನ ಜಗಲಿ, ಹೆಂಚಿನ ಮಾಡು, ಅಂಗಳದ ಗಂಟೆ, ಯಾವುದೂ ಬಿಟ್ಟುಹೋಗಿರಲಿಲ್ಲ. ಆದರೆ ಅದೆಲ್ಲವೂ ಮಕ್ಕಳಾಡುವ ಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಲ್ಪಟ್ಟಿತ್ತು. "ಮಕ್ಕಳು ಮಲಗಿದ ಮೇಲೆ ದಿನಕ್ಕಿಷ್ಟಿಷ್ಟು ಕಟ್ಟಿದೆ, ಟೀಚರ್. ಮೂರು ತಿಂಗಳು ಹಿಡಿಯಿತು. ಮನೆಯವರಿಗೆಲ್ಲಾ ನಗೆ. ಯಾರಾದರೂ ಬಂದರೆ ಮೇಲೆ ಬಟ್ಟೆ ಮುಚ್ಚಿಡುತ್ತೇನೆ" ಎಂದಳು.

ಆ ಬಟ್ಟೆಯ ಮಾತು ನನ್ನ ಮನಸ್ಸಿಗೆ ನಾಟಿತು. ಆಟವು ಮಕ್ಕಳಿಗೆ ಮಾತ್ರ ಸಲ್ಲತಕ್ಕದ್ದು, ಪ್ರಾಯಸ್ಥರಾದವರು, ಅದರಲ್ಲಿಯೂ ಸ್ತ್ರೀಯರು, ಅದರಲ್ಲಿ ಕೈಯಿಡುವುದು ನಗೆಗೀಡು ಎಂಬ ಎಣಿಕೆಯು ನಮ್ಮಲ್ಲಿ ಬಲವಾಗಿದೆ. ಅದು ಸರಿಯೋ ಎಂಬುದನ್ನು ವಿಚಾರಿಸುವುದಕ್ಕಾಗಿಯೇ, ಆಕೆಯ ಅಪ್ಪಣೆ ಪಡೆದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಈ ಇಟ್ಟಿಗೆಗಳ ಹುಟ್ಟೂರು ಡೆನ್ಮಾರ್ಕ್ ದೇಶದ ಬಿಲ್ಲುಂಡ್. ಅಲ್ಲಿಯ ಬಡಗಿಯಾದ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಎಂಬವರು ೧೯೩೨ನೆಯ ಇಸವಿಯಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದರು. ೧೯೩೪ರಲ್ಲಿ, 'ಚೆನ್ನಾಗಿ ಆಡು' ಎಂಬರ್ಥದ ಎರಡು ಡೇನಿಷ್ ಪದಗಳನ್ನು ಕೂಡಿಸಿ ತಮ್ಮ ಉದ್ಯಮಕ್ಕೆ 'ಲೆಗೋ' ಎಂದು ಹೆಸರಿಟ್ಟರು. ೧೯೪೯ರಲ್ಲಿ ಅವರ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗಳು ಹೊರಬಂದುವು. ಇವುಗಳ ಮೇಲೆ ಗುಬ್ಬಿಗಳಿದ್ದುವು, ಒಳಭಾಗವು ಮಾತ್ರ ಟೊಳ್ಳು. ಆದಕಾರಣ ಒಂದರ ಮೇಲೊಂದನ್ನು ಕೂರಿಸಿದರೆ ಹಿಡಿತವು ಸಾಲದು. ಆ ಟೊಳ್ಳಿನೊಳಗೆ ಸಣ್ಣ ಕೊಳವೆಗಳನ್ನಿಟ್ಟರೆ ಕೆಳಗಿನ ಇಟ್ಟಿಗೆಯ ಗುಬ್ಬಿಗಳು ಅವುಗಳ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುವುವೆಂಬ ಉಪಾಯಕ್ಕೆ ೧೯೫೮ನೆಯ ಜನವರಿ ೨೮ರಂದು ಹಕ್ಕುಪತ್ರವನ್ನು ಬೇಡಲಾಯಿತು. ಅಂದಿನ ಇಟ್ಟಿಗೆಯು ಇಂದು ಕೊಂಡ ಇಟ್ಟಿಗೆಯೊಂದಿಗೆ ಈಗಲೂ ಕೂಡಿಕೊಳ್ಳುತ್ತದೆ. ಅಜ್ಜಿಯ ಆಟಿಕೆಯ ಮೇಲೆ ಮೊಮ್ಮಗಳು ಕಟ್ಟಬಹುದೆಂದರೆ ಇದು ಅಲ್ಪವಾದ ಗುಣವಲ್ಲ.

ಇಷ್ಟು ಸಾಮಾನ್ಯವಾದ ವಸ್ತುವಿನಲ್ಲಿ ಎಷ್ಟು ಸಾಧ್ಯತೆಗಳು ಅಡಗಿವೆಯೆಂಬುದನ್ನು ಗಣಿತವು ತೋರಿಸುತ್ತದೆ. ಎಂಟು ಗುಬ್ಬಿಗಳುಳ್ಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ೨೪ ವಿಧಗಳಲ್ಲಿ ಜೋಡಿಸಬಹುದು. ಮೂರಾದರೆ ೧,೦೬೦ ವಿಧಗಳು. ಆರಾದರೆ, ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞರಾದ ಸೊರೆನ್ ಐಲರ್ಸ್ ಎಂಬವರು ಕಂಪ್ಯೂಟರಿನ ಸಹಾಯದಿಂದ ಎಣಿಸಿದ ಪ್ರಕಾರ, ೯೧,೫೧,೦೩,೭೬೫ ವಿಧಗಳು! ಆರು ಇಟ್ಟಿಗೆಗಳು ನಮ್ಮ ಅಂಗೈಯಲ್ಲಿ ಹಿಡಿಸುವಷ್ಟೇ; ಆದರೆ ಅವುಗಳ ಎಲ್ಲಾ ಜೋಡಣೆಗಳನ್ನೂ ಕಟ್ಟಿ ನೋಡಲು ಒಂದು ಜನ್ಮವು ಸಾಲದು.

ಇನ್ನು, ಚೌಕಾಕಾರದ ಇಟ್ಟಿಗೆಗಳಿಂದ ಮನುಷ್ಯನ ಕೆನ್ನೆಯಂಥ ದುಂಡಾದ ರೂಪವನ್ನು ಬಿಡಿಸುವುದು ಹೇಗೆಂಬ ಪ್ರಶ್ನೆ. ಮೊದಲನೆಯದಾಗಿ, ಕಟ್ಟುವವರು ಚೌಕಗೆರೆಯ ಕಾಗದದ ಮೇಲೆ, ಇಲ್ಲವೆ ಕಂಪ್ಯೂಟರಿನಲ್ಲಿ, ರೂಪವನ್ನು ಪದರ ಪದರವಾಗಿ ಬರೆದುಕೊಳ್ಳುತ್ತಾರೆ. ಒಂದೊಂದು ಪದರವನ್ನು ಕೆಳಗಿನದಕ್ಕಿಂತ ತುಸುವೇ ಹೊರಕ್ಕೋ ಒಳಕ್ಕೋ ಸರಿಸುತ್ತಾ ಹೋದರೆ, ಹತ್ತಿರದಿಂದ ಮೆಟ್ಟಲುಗಳಂತೆ ಕಂಡದ್ದು ಹತ್ತು ಹೆಜ್ಜೆ ಹಿಂದೆ ಸರಿದಾಗ ದುಂಡಾಗಿ ತೋರುತ್ತದೆ. ಎರಡನೆಯದಾಗಿ, ಗೋಡೆ ಕಟ್ಟುವ ಮೇಸ್ತ್ರಿಯು ಸಂದಿನ ಮೇಲೆ ಸಂದು ಬಾರದಂತೆ ಇಟ್ಟಿಗೆಯಿಡುವ ಹಾಗೆಯೇ ಇಲ್ಲಿಯೂ ಇಡಬೇಕು. ಇಲ್ಲವಾದರೆ ಶಿಲ್ಪವು ಸೀಳಿಹೋಗುವುದು. ಮೂರನೆಯದಾಗಿ, ದೊಡ್ಡ ಶಿಲ್ಪಗಳ ಒಳಗನ್ನು ಟೊಳ್ಳಾಗಿ ಬಿಟ್ಟು, ಅಡ್ಡ ಪಟ್ಟಿಗಳಿಂದ ಬಲಪಡಿಸುತ್ತಾರೆ. ಭಾರವೂ ಖರ್ಚೂ ಇದರಿಂದ ಕಡಿಮೆಯಾಗುತ್ತದೆ.

ಇಟ್ಟಿಗೆಗಳನ್ನು ಪಕ್ಕಕ್ಕೆ ಮಲಗಿಸಿ ಜೋಡಿಸುವ ಒಂದು ಸೂಕ್ಷ್ಮ ವಿಧಾನವೂ ಉಂಟು. ಇಟ್ಟಿಗೆಯ ಎತ್ತರವು ೯.೬ ಮಿಲಿಮೀಟರು, ಹಲಗೆಯೆನ್ನಬಹುದಾದ ತೆಳ್ಳನೆಯ ತುಂಡಿನ ಎತ್ತರವು ಅದರ ಮೂರನೆಯ ಒಂದು ಪಾಲು, ಎಂದರೆ ೩.೨, ಗುಬ್ಬಿಯಿಂದ ಗುಬ್ಬಿಗೆ ಇರುವ ದೂರ ೮. ಹೀಗಿರುವುದರಿಂದ ಐದು ಹಲಗೆಗಳನ್ನು ಪೇರಿಸಿದರೆ ೧೬ ಮಿಲಿಮೀಟರಾಗಿ, ಎರಡು ಗುಬ್ಬಿಗಳ ಅಗಲಕ್ಕೆ ಸರಿಹೋಗುತ್ತದೆ. ಈ ಲೆಕ್ಕವನ್ನು ಬಲ್ಲವರು ಮೇಲ್ಮುಖವಾದ ಇಟ್ಟಿಗೆಗಳ ನಡುವೆ ಪಾರ್ಶ್ವಮುಖವಾದವುಗಳನ್ನು ಸಂದಿಲ್ಲದೆ ಕೂರಿಸುತ್ತಾರೆ. ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಲಿಯುವಾಗ ಅದರಿಂದೇನು ಪ್ರಯೋಜನವೆಂದು ಕೇಳಿದ ನಮ್ಮ ವಿದ್ಯಾರ್ಥಿನಿಯರು ಇದನ್ನು ಗಮನಿಸಲಿ.

ಈ ಹವ್ಯಾಸಿಗಳಲ್ಲಿ ಒಂದು ಮಾತು ಬಳಕೆಯಲ್ಲಿದೆ. ಬಾಲ್ಯದಲ್ಲಿ ಇಟ್ಟಿಗೆಗಳನ್ನು ಬಿಟ್ಟಂದಿನಿಂದ, ಪ್ರಾಯಕ್ಕೆ ಬಂದ ಮೇಲೆ ಪುನಃ ಹಿಡಿಯುವ ತನಕದ ಕಾಲವನ್ನು ಅವರು 'ಕತ್ತಲೆಯ ಯುಗ'ವೆಂದು ಕರೆಯುತ್ತಾರೆ. ನೇತನ್ ಸವಾಯ ಎಂಬವರು ನ್ಯೂಯಾರ್ಕ್ ನಗರದಲ್ಲಿ ವಕೀಲರಾಗಿದ್ದು, ಸಂಜೆಯ ವೇಳೆ ಮನೆಯಲ್ಲಿ ಇಟ್ಟಿಗೆಯ ಶಿಲ್ಪಗಳನ್ನು ಕಟ್ಟುತ್ತಿದ್ದರು. ೨೦೦೪ರಲ್ಲಿ ವಕೀಲಿಯನ್ನು ಬಿಟ್ಟು ಇದಕ್ಕೇ ನಿಂತರು. ೨೦೦೭ರಲ್ಲಿ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರಿನಲ್ಲಿ ಅವರ ಪ್ರದರ್ಶನವು ಏರ್ಪಟ್ಟಿತು. ಅವರ 'ಹಳದಿ' ಎಂಬ ಶಿಲ್ಪದಲ್ಲಿ ಒಬ್ಬ ಮನುಷ್ಯನು ತನ್ನೆರಡು ಕೈಗಳಿಂದ ಎದೆಯನ್ನು ತೆರೆದಿದ್ದಾನೆ. ಒಳಗಿನಿಂದ ಹಳದಿಯ ಇಟ್ಟಿಗೆಗಳು ಸುರಿಯುತ್ತಿವೆ. ಅಮೆರಿಕದವರೇ ಆದ ಆಲಿಸ್ ಫಿಂಚ್ ಎಂಬಾಕೆ ಮಕ್ಕಳ ತಾಯಿ. ಹನ್ನೆರಡು ತಿಂಗಳು ಶ್ರಮಿಸಿ, ಸುಮಾರು ನಾಲ್ಕು ಲಕ್ಷ ಇಟ್ಟಿಗೆಗಳಿಂದ, ಹ್ಯಾರಿ ಪಾಟರ್ ಕಥೆಗಳಲ್ಲಿ ಬರುವ ಹಾಗ್ವಾರ್ಟ್ಸ್ ಶಾಲೆಯನ್ನು ಕೋಣೆಕೋಣೆಯಾಗಿ ಕಟ್ಟಿ ೨೦೧೨ರಲ್ಲಿ ಪ್ರದರ್ಶಿಸಿದರು. ಶಾಲೆಯನ್ನು ಕಟ್ಟಿದ ತಾಯಿ ನಮ್ಮ ವಿದ್ಯಾರ್ಥಿನಿಯೊಬ್ಬಳೇ ಅಲ್ಲವೆಂದು ತಿಳಿದು ನನಗೆ ಸಂತೋಷವಾಯಿತು.

ಹಲವರು ಕೂಡಿ ಕಟ್ಟಿದ ಒಂದು ಉದಾಹರಣೆಯನ್ನೂ ಹೇಳಬೇಕು. ಇಂಗ್ಲೆಂಡಿನ ಡರ್ಹಮ್ ನಗರದ ಪುರಾತನ ಮಹಾದೇವಾಲಯದವರು ೨೦೧೩ರಲ್ಲಿ ಅದೇ ದೇವಾಲಯದ ಪ್ರತಿಕೃತಿಯನ್ನು ಈ ಇಟ್ಟಿಗೆಗಳಿಂದ ಕಟ್ಟಲಾರಂಭಿಸಿದರು. ಒಂದು ಪೌಂಡು ಕಾಣಿಕೆ ಕೊಟ್ಟವರಿಗೆ ಒಂದು ಇಟ್ಟಿಗೆಯ ಪಾಲು. ೨೦೧೬ರಲ್ಲಿ ಕೆಲಸವು ಮುಗಿದಾಗ ಮೂರು ಲಕ್ಷ ಇಟ್ಟಿಗೆಗಳು ಕೂಡಿದ್ದುವು. ದೇವಾಲಯದ ಪ್ರಾಚೀನ ವಸ್ತುಗಳ ಪ್ರದರ್ಶನಶಾಲೆಗೆ ಆ ಹಣವು ಒದಗಿತು. ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯು ಬೇಕಿಲ್ಲ.

ಶಿಕ್ಷಕಿಯರ ತರಬೇತಿಯಲ್ಲಿ ನಾವು ಫ್ರೋಬೆಲ್ ಮಹಾಶಯರ ವಿಷಯವನ್ನು ಓದಿದ್ದೆವು. ೧೮೪೦ರಲ್ಲಿ ತಮ್ಮ ಶಾಲೆಗೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ ಈ ಜರ್ಮನ್ ಶಿಕ್ಷಕರು ಮಕ್ಕಳ ಕೈಗೆ ಕೊಟ್ಟ ಉಪಕರಣಗಳಲ್ಲಿ ಎಂಟು ಸಣ್ಣ ಮರದ ಘನಗಳೂ ಇದ್ದುವು. ಕಟ್ಟುವುದೂ ಒಂದು ವಿಧದ ಯೋಚನೆಯೆಂಬುದು ಅವರ ಬೋಧನೆಯ ಸಾರ. ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್ ಎಂಬವರು, ತಾಯಿ ತಂದುಕೊಟ್ಟ ಆ ಮರದ ತುಂಡುಗಳ ಉಪಕಾರವನ್ನು ವೃದ್ಧಾಪ್ಯದವರೆಗೂ ಸ್ಮರಿಸುತ್ತಿದ್ದರು.

ಇದನ್ನೆಲ್ಲಾ ಓದಿ ಪರೀಕ್ಷೆಯಲ್ಲಿ ಬರೆದವಳು ನಾನು. ಆದರೂ ಹದಿನಾರು ವರ್ಷಗಳ ಹಿಂದೆ, ಇದೇ ವಿದ್ಯಾರ್ಥಿನಿಯು ಒಂಬತ್ತನೆಯ ತರಗತಿಯಲ್ಲಿ ಸೀಮೆಸುಣ್ಣದ ತುಂಡುಗಳನ್ನು ಕೊರೆದು ಡೆಸ್ಕಿನೊಳಗೆ ಒಂದು ಸೇತುವೆಯನ್ನು ಕಟ್ಟಿದ್ದಾಗ, "ಈ ವಯಸ್ಸಿನಲ್ಲಿ ಆಟವೇ?" ಎಂದು ಗದರಿಸಿ ಅದನ್ನು ಕಸದ ಬುಟ್ಟಿಗೆ ಸುರಿದವಳೂ ನಾನೇ. ಆಕೆಯು ಅದನ್ನು ಎತ್ತಿ ಆಡಲಿಲ್ಲ. ಚಿತ್ರವನ್ನು ನೋಡುತ್ತಿರುವಾಗ ನನಗೇ ನೆನಪಾಯಿತು. ಆಕೆಯ ಕತ್ತಲೆಯ ಯುಗಕ್ಕೆ ಬಾಗಿಲು ಹಾಕಿದ ಕೈಗಳಲ್ಲಿ ನನ್ನದೂ ಒಂದೆಂದು ತಿಳಿದು ಕ್ಷಮೆ ಬೇಡಿದೆನು. ಆಕೆ ನಕ್ಕು, "ಆ ಸೇತುವೆ ಹೇಗೂ ಬೀಳುತ್ತಿತ್ತು, ಟೀಚರ್" ಎಂದಳು.

ಪ್ರಿಯ ಪೋಷಕರೇ, ಈ ಇಟ್ಟಿಗೆಗಳ ಬೆಲೆಯು ಹೆಚ್ಚೆಂಬುದನ್ನು ನಾನು ಬಲ್ಲೆನು. ಎಲ್ಲರೂ ಕೊಳ್ಳಲೆಂಬುದು ನನ್ನ ಅಭಿಪ್ರಾಯವಲ್ಲ. ಜೇಡಿಮಣ್ಣು, ರಟ್ಟು, ಬೆಂಕಿಪೆಟ್ಟಿಗೆಗಳಿಂದಲೂ ಕಟ್ಟಬಹುದು. ಕಟ್ಟುವ ಕೈಯನ್ನು ಮಾತ್ರ ತಡೆಯಬೇಡಿರಿ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಸಂಸಾರದ ಕೆಲಸಗಳ ನಡುವೆ ನೀವು ಬಿಟ್ಟ ಹಾಡು, ಕಸೂತಿ, ಚಿತ್ರ ಯಾವುದೇ ಇರಲಿ, ಅದನ್ನು ಪುನಃ ಹಿಡಿಯುವುದಕ್ಕೆ ನಾಚಬೇಡಿರಿ.

ನಮ್ಮ ವಾರ್ಷಿಕೋತ್ಸವದ ದಿನ ಆ ಇಟ್ಟಿಗೆಯ ಶಾಲೆಯು ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲೆ ಇರುವುದು. ಆಕೆಯು ಒಪ್ಪಿದ್ದಾಳೆ. ದಯವಿಟ್ಟು ಎಲ್ಲರೂ ಬಂದು ನೋಡಿರಿ. ಅದರ ಮೇಲೆ ಬಟ್ಟೆ ಮುಚ್ಚಿರುವುದಿಲ್ಲ.