ಲ್ಯಾಪ್‌ಟಾಪ್ ಕೊಳ್ಳೋ ಮುಂಚೆ ಡ್ಯಾಶ್ ಆದ್ಮೇಲಿನ ಅಂಕಿ ನೋಡಿ

ಕಬ್ಬಿನ ಬಿಲ್ಲು ಬಂದ ಕೂಡಲೇ ಹೊಸ ಲ್ಯಾಪ್‌ಟಾಪ್ ತಗೋಬೇಕು ಅನ್ನೋ ಹುಡುಗರು ನಮ್ಮ ಸೋಮನಹಳ್ಳಿ ಕಡೆ ಈಗ ಜಾಸ್ತಿ. ದುಡ್ಡು ಸಾಲದಿದ್ರೆ ಕಂತು. ಆದರೆ ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಕಂತು ತಿಂಗಳು ತಿಂಗಳು. ಅದಕ್ಕೇ ನಾನು ಹೇಳೋದು: ಹಳೇ ತಲೆಮಾರಿನ ಗಟ್ಟಿ ಮಷಿನ್ ತಗೊಳ್ಳಿ, ಕೆಲಸ ನಡೆಯೋವರೆಗೂ ಬದಲಾಯಿಸಬೇಡಿ.

ನಮ್ಮ ಕೆಲಸ ಎಷ್ಟಿದೆ ನೋಡಿ. ಪಹಣಿ, ಡೇರಿ ಲೆಕ್ಕ, ಗೊಬ್ಬರ-ಕೂಲಿ ಖರ್ಚು, ಮಕ್ಕಳ ಓದು. ನಮ್ಮೂರಿನವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗಲೇ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು. ಇವತ್ತಿಗೂ ಅದನ್ನ ನೋಡೋಕೆ ಬೇಕಿರೋದು ಇಂಟರ್ನೆಟ್ಟು, ಒಂದು ಬ್ರೌಸರ್ ಅಷ್ಟೇ.

ನಾನು ಬಳಸೋದು ಯಾವುದೋ ಕಂಪನಿ ಬಳಸಿ ಬಿಟ್ಟ ಲ್ಯಾಪ್‌ಟಾಪ್. ದೊಡ್ಡ ಕಂಪನಿಗಳು ಕೆಲವೇ ವರ್ಷಕ್ಕೆ ಮಷಿನ್ ಬದಲಾಯಿಸ್ತವೆ. ಅಂಥವು ರಿಪೇರಿಯಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗ್ತವೆ. ಮದ್ದೂರಲ್ಲಿ ರೈಲು ಹತ್ತಿದ್ರೆ ಸಂಜೆಗೆ ವಾಪಸ್ ಬರಬಹುದು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಥರದವು ಆಫೀಸಿಗೆಂದೇ ಮಾಡಿದವು, ಬಿಡಿಭಾಗವೂ ಸಿಗುತ್ತೆ.

ಎತ್ತು ಕೊಳ್ಳುವಾಗ ಹಲ್ಲು ನೋಡ್ತೀವಲ್ಲ, ಇಲ್ಲಿ ಪ್ರೊಸೆಸರ್ ಹೆಸರು ನೋಡಬೇಕು. ಐ5-7200 ಅಂದ್ರೆ ಏಳನೇ ತಲೆಮಾರು, ಐ5-8250 ಅಂದ್ರೆ ಎಂಟನೇದು. ಈ ಒಂದಂಕಿ ಬಲು ಮುಖ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮೇಲಿನದೇ ಆಗಬೇಕು. ಏಳನೇದು ಅಗ್ಗಕ್ಕೆ ಸಿಗೋದು ಅದಕ್ಕೇ. ಎಂಟಕ್ಕಿಂತ ಕೆಳಗೆ ಇಳೀಬೇಡಿ.

ದುಡ್ಡು ಕೊಡೋ ಮುಂಚೆ ಇಷ್ಟು ಮಾಡಿ:

- ಚಾರ್ಜರ್ ತೆಗೆದು ಅರ್ಧ ಗಂಟೆ ಓಡಿಸಿ, ಬ್ಯಾಟರಿ ಎಷ್ಟು ಇಳೀತು ನೋಡಿ.
- ಎಲ್ಲಾ ಕೀಲಿ ಒತ್ತಿ. ಕ್ಯಾಮೆರಾ, ವೈಫೈ, ಯುಎಸ್‌ಬಿ ಪರೀಕ್ಷಿಸಿ.
- ಬಯೋಸ್‌ಗೆ ಹಳೇ ಕಂಪನಿಯ ಪಾಸ್‌ವರ್ಡ್ ಇದ್ರೆ ಬೇಡ ಅನ್ನಿ.
- ಜಿಎಸ್‌ಟಿ ಬಿಲ್ಲು, ವಾರಂಟಿ ಬರಹದಲ್ಲಿ ಇಸ್ಕೊಳ್ಳಿ.

ಮನೇಲಿ ಈಗಾಗಲೇ ಕಂಪ್ಯೂಟರ್ ಇದ್ದು ನಿಧಾನ ಆಗಿದ್ಯಾ? ಎಸೀಬೇಡಿ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ಎಷ್ಟೋ ಮಷಿನ್‌ಗಳ ತೊಂದರೆ ಅಲ್ಲಿಗೆ ಮುಗಿಯುತ್ತೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬದಲಾಯಿಸೋಕೆ ಬರಲ್ಲ, ಮೊದಲೇ ಕೇಳಿ. ವಿಂಡೋಸ್ 11 ಹತ್ತದ ಮಷಿನ್ನಿಗೆ ಲಿನಕ್ಸ್ ಮಿಂಟ್ ಹಾಕಬಹುದು, ಅದು ಉಚಿತ, ಕನ್ನಡ ಟೈಪಿಂಗೂ ಆಗುತ್ತೆ.

ಉಳಿಸಬಾರದ ಜಾಗ ಒಂದೇ: ಸುರಕ್ಷತೆ. ಅಪ್‌ಡೇಟ್ ನಿಂತ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ. ಲೆಕ್ಕದ ಫೈಲನ್ನ ಪೆನ್‌ಡ್ರೈವ್‌ಗೂ ಹಾಕಿಡಿ. ಮಿಕ್ಕಿದ ದುಡ್ಡು ಡ್ರಿಪ್ ಪೈಪಿಗೋ ಮೋಟಾರ್ ರಿಪೇರಿಗೋ ಆಗುತ್ತೆ. ಬೆಳೆ ಕೊಡೋದು ಅವೇ.