ಲಾಜರನ ಕಟ್ಟು ಬಿಚ್ಚುವವರು ಯಾರು?



ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ತಪಸ್ಸು ಕಾಲ ಬಂತೆಂದರೆ ಒಂದು ಹರಕೆ ಸಾಮಾನ್ಯ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡ ಗಂಡಸು ಈಸ್ಟರ್ ತನಕ ಮದ್ಯ ಮುಟ್ಟುವುದಿಲ್ಲ ಎಂದು ದೇವರಿಗೆ ಮಾತು ಕೊಡುತ್ತಾನೆ. ಅನೇಕರು ಆ ಮಾತನ್ನು ಉಳಿಸಿಕೊಳ್ಳುತ್ತಾರೆ, ಅವರ ತ್ಯಾಗವನ್ನು ನಾವು ಗೌರವಿಸುತ್ತೇವೆ. ಆದರೆ ಈ ಹಬ್ಬದ ಚಿಂತನೆ ಅವರಿಗಾಗಿ ಅಲ್ಲ. ನಾಲ್ಕು ದಿನವೂ ಬಿಟ್ಟಿರಲಾಗದವನಿಗಾಗಿ, ಇಲ್ಲವೇ ಹಲ್ಲು ಕಚ್ಚಿ ನಲವತ್ತು ದಿನ ಕಳೆದು ಈಸ್ಟರ್ ಮಧ್ಯಾಹ್ನದ ಊಟದ ಹೊತ್ತಿಗೆ ಬಾಕಿಯನ್ನೆಲ್ಲ ಬಡ್ಡಿ ಸಮೇತ ಕುಡಿದು ಮುಗಿಸುವವನಿಗಾಗಿ; ಅವನ ಹೆಂಡತಿ, ತಾಯಿ, ಮಕ್ಕಳಿಗಾಗಿ. ಉದ್ಯಾವರದಂತಹ ಊರಿನಲ್ಲಿ ಅಂತಹ ಮನೆ ಯಾವುದೆಂದು ವಾರ್ಡಿನವರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಮಾತೆತ್ತುವುದಿಲ್ಲ.

ತಪಸ್ಸು ಕಾಲದ ಐದನೆಯ ಭಾನುವಾರ, ‘ಎ’ ವರ್ಷದ ವಾಚನದಲ್ಲಿ, ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯವನ್ನು ಕೇಳುತ್ತೇವೆ. ಲಾಜರ ಸತ್ತು ನಾಲ್ಕು ದಿನವಾಗಿದೆ, ವಾಸನೆ ಬರುತ್ತಿದೆ ಎಂದು ಅಕ್ಕ ಮಾರ್ತಾಳೇ ಹೇಳುತ್ತಾಳೆ. ಪ್ರಭು ಯೇಸು ಅವನನ್ನು ಹೆಸರಿಟ್ಟು ಕರೆಯುತ್ತಾರೆ. ಸತ್ತವನು ಎದ್ದು ಬರುತ್ತಾನೆ, ಆದರೆ ಕೈಕಾಲಿಗೆ ಶವವಸ್ತ್ರ ಸುತ್ತಿಕೊಂಡೇ ಬರುತ್ತಾನೆ. ಇಲ್ಲಿ ಒಂದು ವಿಷಯವನ್ನು ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಬಿಡುತ್ತೇವೆ. ಸತ್ತವನನ್ನು ಎಬ್ಬಿಸಬಲ್ಲ ಪ್ರಭುವಿಗೆ ಆ ಬಟ್ಟೆ ಬಿಚ್ಚುವುದು ದೊಡ್ಡದೇ? ಆದರೂ ಆ ಕೆಲಸವನ್ನು ಅವರು ಸುತ್ತ ನಿಂತವರಿಗೆ ಒಪ್ಪಿಸುತ್ತಾರೆ. ಜೀವ ಕೊಟ್ಟದ್ದು ದೇವರು, ಕಟ್ಟು ಬಿಚ್ಚಬೇಕಾದದ್ದು ನೆರೆಕರೆಯವರು. ವಾಸನೆಗೆ ಮೂಗು ಮುಚ್ಚಿಕೊಂಡು ದೂರ ನಿಂತವರು ಹತ್ತಿರ ಬರಲೇಬೇಕು.

ಕುಡಿತದ ಚಟವೆಂಬ ಕಟ್ಟು ಎಂಥದ್ದೆಂದು ಮೊದಲು ತಿಳಿಯೋಣ. ಮದ್ಯ ಅವಲಂಬನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ವರ್ಷಗಟ್ಟಲೆ ದಿನವೂ ಕುಡಿದವನ ಮೆದುಳು ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸಿದಾಗ ಕೆಲವು ಗಂಟೆಗಳಲ್ಲೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಬಾರದು. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾದಾಗ ಸನ್ನಿ ಹಿಡಿದವರಂತೆ ಇಲ್ಲದ್ದನ್ನು ಕಂಡು, ಇಲ್ಲದ ದನಿ ಕೇಳಿ ಕಿರುಚಬಹುದು. ಬೂದಿ ಬುಧವಾರ ಹರಕೆ ಹೊತ್ತವನಿಗೆ ಶುಕ್ರವಾರ ರಾತ್ರಿ ಹೀಗಾದರೆ ಮನೆಯವರು ದೆವ್ವ ಹಿಡಿಯಿತೆಂದು ಪವಿತ್ರ ಜಲಕ್ಕೆ ಓಡಿ ಬರುತ್ತಾರೆ. ಪ್ರಾರ್ಥನೆ ಖಂಡಿತ ಮಾಡೋಣ. ಆದರೆ ಆಸ್ಪತ್ರೆಗೆ ಹೋಗುವ ವಾಹನದಲ್ಲಿ ಕುಳಿತು ಮಾಡೋಣ. ಇದು ಪ್ರಾಣಕ್ಕೆ ಎರವಾಗಬಲ್ಲ ಸ್ಥಿತಿ. ಆದ್ದರಿಂದ ಬಹಳ ಕುಡಿಯುವವರು ಹರಕೆಯನ್ನು ವೈದ್ಯರ ಸಲಹೆಯೊಂದಿಗೇ ಆರಂಭಿಸಬೇಕು. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ, ಮಣಿಪಾಲದ ಕೆ.ಎಂ.ಸಿ.ಯಲ್ಲಿ, ಮಂಗಳೂರು ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋವೈದ್ಯರ ಬಳಿ ಹೋಗುವುದೆಂದರೆ ಹುಚ್ಚು ಎಂಬ ಹಳೆಯ ನಾಚಿಕೆ ಇನ್ನು ಸಾಕು.

ಇನ್ನೊಂದು ಮಾತು. ಕುಡಿತ ಬಿಡಿಸುವ ಮಾತ್ರೆಯನ್ನು ಗಂಡನಿಗೆ ತಿಳಿಯದಂತೆ ಮೀನಿನ ಸಾರಿನಲ್ಲಿ ಬೆರೆಸುವ ಅಕ್ಕಂದಿರಿದ್ದಾರೆ. ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಅಂತಹ ಕೆಲವು ಮಾತ್ರೆಗಳ ಮೇಲೆ ಮದ್ಯ ಕುಡಿದರೆ ವಾಂತಿ, ಎದೆ ಬಡಿತ, ರಕ್ತದೊತ್ತಡ ಕುಸಿತ ಉಂಟಾಗಿ ಜೀವಕ್ಕೇ ಅಪಾಯ. ಅವನಿಗೆ ತಿಳಿದು, ಅವನು ಒಪ್ಪಿ, ವೈದ್ಯರು ಬರೆದುಕೊಟ್ಟರೆ ಮಾತ್ರ ಅದು ಔಷಧ.

ಹಾಗಾದರೆ ಇದು ರೋಗವೋ, ಪಾಪವೋ? ಪಾಪನಿವೇದನೆಯಲ್ಲಿ ಈ ಪ್ರಶ್ನೆಯನ್ನು ಧರ್ಮಗುರುಗಳಾದ ನಾವು ಮತ್ತೆ ಮತ್ತೆ ಎದುರಿಸುತ್ತೇವೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 1735ನೇ ಪರಿಚ್ಛೇದದಲ್ಲಿ, ಮನುಷ್ಯನ ಹೊಣೆಗಾರಿಕೆ ಬೇರೂರಿದ ಅಭ್ಯಾಸದಿಂದಲೂ ಮಾನಸಿಕ ಕಾರಣಗಳಿಂದಲೂ ಕಡಿಮೆಯಾಗಬಹುದು ಎಂದು ತಿಳಿಸುತ್ತದೆ. ಕುಡಿದು ಬೈಕ್ ಓಡಿಸಿದ್ದು, ಹೆಂಡತಿಯ ಮೇಲೆ ಕೈ ಎತ್ತಿದ್ದು ತಪ್ಪಲ್ಲ ಎಂದು ಇದರ ಅರ್ಥವಲ್ಲ. ಕ್ಷಮಿಸುವುದೆಂದರೆ ಹೊಡೆತ ತಿನ್ನುವುದೂ ಅಲ್ಲ. ಹೊಡೆತ ಬೀಳುವ ಮನೆಯಿಂದ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದವಳನ್ನು ಸಂಸಾರ ಮುರಿದವಳೆಂದು ಇಗರ್ಜಿಯ ಅಂಗಳದಲ್ಲಿ ಆಡಿಕೊಳ್ಳಬಾರದು. ಆದರೆ ಹತ್ತನೆಯ ಸಲ ಬಿದ್ದು ಬಂದವನ ಪಶ್ಚಾತ್ತಾಪ ಸುಳ್ಳೆಂದು ತೀರ್ಮಾನಿಸುವ ಹಕ್ಕು ನಮಗಾರಿಗೂ ಇಲ್ಲ.

ಈ ಮಾತಿಗೆ ಸಾಕ್ಷಿಯಾಗಿ ಧರ್ಮಸಭೆಯೇ ಒಬ್ಬ ಸಂತರನ್ನು ನಮ್ಮ ಮುಂದಿಟ್ಟಿದೆ. ಸಂತ ಮಾರ್ಕ್ ಜಿ ಟಿಯಾನ್‌ಶಿಯಾಂಗ್ 1834ರಲ್ಲಿ ಚೀನಾದಲ್ಲಿ ಹುಟ್ಟಿದವರು. ವೃತ್ತಿಯಿಂದ ವೈದ್ಯರು, ಬಡವರಿಗೆ ಉಚಿತವಾಗಿ ಔಷಧ ಕೊಡುತ್ತಿದ್ದವರು. ಹೊಟ್ಟೆಯ ಬೇನೆಗೆ ಅಫೀಮು ತೆಗೆದುಕೊಂಡರು, ಅದಕ್ಕೇ ದಾಸರಾದರು. ಮತ್ತೆ ಮತ್ತೆ ಪಾಪನಿವೇದನೆಗೆ ಬಂದರು, ಮತ್ತೆ ಮತ್ತೆ ಬಿದ್ದರು. ಬಿಡುವ ಮನಸ್ಸೇ ಇವನಿಗಿಲ್ಲ ಎಂದು ತಿಳಿದ ಗುರುಗಳು ಪಾಪಕ್ಷಮೆಯನ್ನು ನಿರಾಕರಿಸಿದರು. ಚಟವನ್ನು ರೋಗವೆಂದು ಅರಿಯದ ಕಾಲ ಅದು. ಸುಮಾರು 30 ವರ್ಷ ಅವರಿಗೆ ಪರಮ ಪ್ರಸಾದವಿಲ್ಲ! ನಮ್ಮಲ್ಲಿ ಎಷ್ಟು ಮಂದಿ ಅಷ್ಟು ಕಾಲ ತಾಳಿಕೊಂಡಾರು? ಸಣ್ಣ ಮನಸ್ತಾಪಕ್ಕೆ ಇಗರ್ಜಿ ಬಿಡುವವರನ್ನು ನಾವು ಕಂಡಿದ್ದೇವೆ. ಅವರು ಮಾತ್ರ ಬಲಿಪೂಜೆಗೆ ಬರುವುದನ್ನು ಬಿಡಲಿಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ಕುಟುಂಬದವರೊಂದಿಗೆ ಸೆರೆ ಸಿಕ್ಕಾಗ, ತಮ್ಮವರಾರೂ ಒಂಟಿಯಾಗಿ ಸಾಯಬಾರದೆಂದು ತಮ್ಮನ್ನು ಕೊನೆಗೆ ಕೊಲ್ಲುವಂತೆ ಕೇಳಿಕೊಂಡರು. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಚೀನಾದ 120 ಮಂದಿ ರಕ್ತಸಾಕ್ಷಿಗಳಲ್ಲಿ ಒಬ್ಬರಾಗಿ ಅವರನ್ನು ಸಂತರೆಂದು ಘೋಷಿಸಿದರು. ಅಫೀಮಿನಿಂದ ಅವರಿಗೆ ಬಿಡುಗಡೆ ಸಿಕ್ಕಿತೆಂದು ಯಾರೂ ಹೇಳುವುದಿಲ್ಲ. ಆದರೂ ಅವರು ಸಂತರು. ಪ್ರತಿದಿನ ಬೀಳುತ್ತಿದ್ದವರು ಪ್ರತಿದಿನ ದೇವರತ್ತ ಮುಖ ತಿರುಗಿಸಿದರು.

ಅವರ ಕಟ್ಟು ಬಿಚ್ಚಲು ಆಗ ಯಾರಿಗೂ ದಾರಿ ತಿಳಿದಿರಲಿಲ್ಲ. ಇಂದು ತಿಳಿದಿದೆ. 1935ರಲ್ಲಿ ಅಮೆರಿಕದ ಏಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟ ಇಂದು ಲೋಕದೆಲ್ಲೆಡೆ ಇದೆ. ತನ್ನಿಂದಾಗದು ಎಂದು ಒಪ್ಪುವುದು, ದೇವರಿಗೆ ಶರಣಾಗುವುದು, ತಪ್ಪುಗಳನ್ನು ಮತ್ತೊಬ್ಬರ ಮುಂದೆ ಬಾಯಿಬಿಟ್ಟು ಹೇಳುವುದು, ನೊಂದವರ ಋಣ ತೀರಿಸುವುದು – ಅವರ ಹನ್ನೆರಡು ಹೆಜ್ಜೆಗಳಲ್ಲಿ ಇವೆಲ್ಲ ಇವೆ. ಪಾಪನಿವೇದನೆಯ ಸಂಸ್ಕಾರವನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಅದೇ ಏಕ್ರನ್‌ನ ಸಂತ ತೋಮರ ಆಸ್ಪತ್ರೆಯಲ್ಲಿ 1939ರಿಂದ ಧರ್ಮಭಗಿನಿ ಇಗ್ನೇಷಿಯಾ ಕುಡುಕರನ್ನು ರೋಗಿಗಳೆಂದು ದಾಖಲು ಮಾಡಿಕೊಂಡರು. ಗುಣವಾಗಿ ಹೊರಡುವವರ ಕೈಗೆ ಯೇಸುವಿನ ಪವಿತ್ರ ಹೃದಯದ ಒಂದು ಪುಟ್ಟ ಬ್ಯಾಡ್ಜ್ ಕೊಡುತ್ತಿದ್ದರು. ಷರತ್ತು ಒಂದೇ: ಮತ್ತೆ ಕುಡಿಯಬೇಕೆನಿಸಿದರೆ, ಮೊದಲ ಗುಟುಕಿನ ಮುನ್ನ ಇದನ್ನು ತಂದು ಹಿಂದಿರುಗಿಸಬೇಕು. ಪವಿತ್ರ ಹೃದಯದ ಪಟವಿಲ್ಲದ ಕಥೋಲಿಕ ಮನೆ ನಮ್ಮಲ್ಲಿ ಅಪರೂಪ. ಆ ಪಟದ ಕೆಳಗೆ ಕುಳಿತು ಇವತ್ತು ಒಂದು ದಿನ ಮಾತ್ರ ಎಂದು ಬೇಡಿಕೊಳ್ಳಬಹುದು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡುವುದೂ ಆ ದಿನದ ರೊಟ್ಟಿಯನ್ನೇ ಅಲ್ಲವೇ?

ನಮ್ಮ ಜಿಲ್ಲೆಯಲ್ಲೂ ಒಳ್ಳೆಯ ಮಾದರಿಯಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಪಾನಮುಕ್ತರಾದವರನ್ನು ಹಾಗೇ ಕೈಬಿಡುವುದಿಲ್ಲ; ಅವರು ‘ನವಜೀವನ ಸಮಿತಿ’ಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಧ್ಯಾನಕೂಟದಲ್ಲಿ ಕಣ್ಣೀರು ಹಾಕಿ ಮನೆಗೆ ಬಂದ ನಮ್ಮ ಮನುಷ್ಯನಿಗೆ ಮುಂದಿನ ಸೋಮವಾರ ಸಂಜೆ ಏಳು ಗಂಟೆಗೆ ಯಾರಿದ್ದಾರೆ? ಗುರಿಕಾರರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಈ ಪ್ರಶ್ನೆಯನ್ನು ತಮ್ಮ ಕೂಟದಲ್ಲಿ ಕೇಳಿಕೊಳ್ಳಬೇಕು.

ಏಕೆಂದರೆ ಕಟ್ಟು ಬಿಚ್ಚುವ ಬದಲು ಕಟ್ಟುವವರು ನಾವೇ ಆಗುತ್ತೇವೆ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಮದ್ಯ ನಿಷೇಧವಿರುವ ಕುವೈತಿನಲ್ಲಿ ಎರಡು ವರ್ಷ ದುಡಿದು ರಜೆಗೆ ಬಂದವನ ಎದುರು ಮೊದಲ ವಾರವೇ ಬಾಟಲಿ ಇಡುವವರು ಅವನ ನೆಂಟರೇ. ರೋಸ್‌ನಲ್ಲಿ, ಮದುವೆಯ ಔತಣದಲ್ಲಿ, ಮೊದಲ ಪರಮ ಪ್ರಸಾದದ ಪಾರ್ಟಿಯಲ್ಲೂ ಮದ್ಯವಿಲ್ಲದಿದ್ದರೆ ಮರ್ಯಾದೆ ಹೋಯಿತೆಂಬ ಭಾವನೆ. ಬಿಟ್ಟವನು ಬೇಡವೆಂದರೆ, “ಮನೆಯಲ್ಲೇ ಮಾಡಿದ ವೈನು ಮಾರಾಯ, ಏನಾಗ್ತದೆ?” ಎಂಬ ಒತ್ತಾಯ. ಆಗುತ್ತದೆ. ಬಿಟ್ಟವನಿಗೆ ಅದೂ ಮದ್ಯವೇ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಠಿಣವೆನಿಸಬಹುದು: ಕುಡಿತ ಬಿಟ್ಟವನನ್ನು ಕರೆದ ಔತಣದಲ್ಲಿ, ಟೋಸ್ಟ್ ಎತ್ತುವಾಗ ಪುನರ್ಪುಳಿ ಶರಬತ್ತಿನ ಲೋಟವನ್ನು ಮನೆಯ ಯಜಮಾನನೇ ಮೊದಲು ಕೈಗೆತ್ತಿಕೊಳ್ಳಬೇಕು. ಆಗ ಅವನೊಬ್ಬನೇ ಬೇರೆಯಾಗಿ ಕಾಣುವುದಿಲ್ಲ.

ಅವನು ಮತ್ತೆ ಬಿದ್ದಾನು. ಬಿದ್ದದ್ದು ಗೊತ್ತಾದ ದಿನ “ನಾನು ಆಗಲೇ ಹೇಳಿದ್ದೆ” ಎನ್ನಬೇಡಿ. ಯಾವಾಗ ವೈದ್ಯರಲ್ಲಿಗೆ ಹೋಗೋಣ ಎಂದು ಕೇಳಿ. ಮನಸ್ಸಿನ ಸಂಕಟಕ್ಕೆ 14416, ಚಟದ ವಿಷಯಕ್ಕೆ 14446 – ಇವು ಸರಕಾರದ ಉಚಿತ ಸಹಾಯವಾಣಿಗಳು, ಹೆಸರು ಹೇಳಬೇಕೆಂದಿಲ್ಲ. ಆಸ್ಪತ್ರೆಗೆ ಒಬ್ಬರೇ ಹೋಗಲು ಸಂಕೋಚವಾದರೆ ಗುರುಮನೆಯ ಬಾಗಿಲು ತಟ್ಟಿ. ಬೆಳಗ್ಗಿನ ಬಲಿಪೂಜೆ ಮುಗಿಸಿ ನಿಮ್ಮ ಜೊತೆ ನಾವೂ ಬಸ್ಸು ಹತ್ತುತ್ತೇವೆ.